ಇಎಲ್84, ಮೂರು ಟ್ರಾನ್ಸ್‌ಫಾರ್ಮರ್, ಒಂದು ಗಿಟಾರ್ ಆಂಪ್

ಪುಸ್ತಕ ಓದಿ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ ಕಟ್ಟಲು ಆಗುವುದಿಲ್ಲ, ಯಾರದಾದರೂ ಸರ್ಕ್ಯೂಟನ್ನು ಇದ್ದಂತೆಯೇ ನಕಲು ಮಾಡು ಎಂದು ತುಮಕೂರಿನ ಆರ್ಕೆಸ್ಟ್ರಾ ಗೆಳೆಯರೂ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರೊಬ್ಬರೂ ಹೇಳಿದ್ದರು. ಎರಡು ವರ್ಷಗಳೂ ಹೆಚ್ಚುಕಡಿಮೆ ಹದಿನಾರು ಸಾವಿರ ರೂಪಾಯಿಗಳೂ ಕಳೆದ ಮೇಲೆ, ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ನಾನೇ ಲೆಕ್ಕ ಹಾಕಿದ ಐದು ವ್ಯಾಟ್ ಆಂಪ್ ನುಡಿಯುತ್ತಿದೆ.

ಪುಸ್ತಕಗಳಲ್ಲಿ ಸ್ಪೀಕರನ್ನು ನುಡಿಸುವ ವಾಲ್ವಾಗಿ ಹೆಚ್ಚಾಗಿ 6ವಿ6 ಇತ್ತು. ನನ್ನ ಕೈಯಲ್ಲಿದ್ದದ್ದು ಗುಜರಿಯ ರೇಡಿಯೊಗಳಿಂದ ಬಿಚ್ಚಿದ ಇಎಲ್84 ಎಂಬ ವಾಲ್ವ್. ಅದರ ಡೇಟಾಶೀಟು 250 ವೋಲ್ಟ್, ಕ್ಯಾಥೋಡಿಗೆ (ಎಲೆಕ್ಟ್ರಾನ್ ಹೊಮ್ಮುವ ತುದಿ) 135 ಓಮ್ ರೆಸಿಸ್ಟರ್, 48 ಮಿಲಿಆಂಪಿಯರ್, 5200 ಓಮ್ ಲೋಡ್ ಎನ್ನುತ್ತದೆ. ಎಂಟು ಓಮ್ ಸ್ಪೀಕರಿಗೆ ಆ ಲೋಡನ್ನು ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಸುತ್ತುಗಳ ಅನುಪಾತ ಇಪ್ಪತ್ತೈದೂವರೆ ಎಂದು ಬರೆದುಕೊಂಡು ಬೋರ್‌ವೆಲ್ ಮೋಟಾರ್ ಸುತ್ತುವವರ ಬಳಿ ಹೋದೆ. ಅವರು ಸುತ್ತು ಸರಿಯಾಗಿ ಹಾಕಿ, ಸ್ಟೆಬಿಲೈಜರಿಗೆ ಜೋಡಿಸುವಂತೆ ಸ್ಟ್ಯಾಂಪಿಂಗುಗಳನ್ನು (ಕೋರಿನ ಕಬ್ಬಿಣದ ತಗಡುಗಳು) ಒಂದು ಈಚೆ, ಒಂದು ಆಚೆ ಹೆಣೆದುಬಿಟ್ಟರು. ಒಂಟಿ ವಾಲ್ವಿನ ಡಿಸಿ ಸದಾ ಹರಿಯುವ ಟ್ರಾನ್ಸ್‌ಫಾರ್ಮರಿನ ಕೋರಿನಲ್ಲಿ ಸಂದು ಬಿಡಬೇಕೆಂದು ನಾನೂ ಹೇಳಿರಲಿಲ್ಲ. ಆ ಡಿಸಿಯಿಂದಲೇ ಕೋರು ತುಂಬಿಹೋಗಿ, ಗಿಟಾರಿನ ದಪ್ಪ ತಂತಿ ಮೀಟಿದರೆ ಹರಿದ ತಮಟೆಯ ಸದ್ದು. ಎರಡನೆಯ ಟ್ರಾನ್ಸ್‌ಫಾರ್ಮರಿನಲ್ಲಿ ಸಂದು ಹೆಚ್ಚಾಗಿ ಮಂದ್ರವೇ ಮಾಯವಾಯಿತು. ಮೂರನೆಯದು ಕೂತಿತು. ಸಂದಿನಲ್ಲಿ ಇಟ್ಟ ಕಾಗದ ಯಾವುದು, ಎಷ್ಟು ಮಡಿಕೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ನಾಲ್ಕು ಸಾವಿರ ತೆತ್ತಿದ್ದೇನೆ.

ಅಷ್ಟರಲ್ಲಿ ಒಂದು ರಾತ್ರಿ ಇಎಲ್84ರ ಎಲೆಕ್ಟ್ರಾನ್ ಸೇರುವ ಪ್ಲೇಟು ಕೆಂಡದಂತೆ ಕೆಂಪಾಯಿತು. ಕ್ಯಾಥೋಡಿನಲ್ಲಿ ಏಳು ವೋಲ್ಟ್ ಇರಬೇಕಾದಲ್ಲಿ ಹನ್ನೊಂದು, ಅಂದರೆ ಸುಮಾರು 80 ಮಿಲಿಆಂಪಿಯರ್. ಕರೆಂಟನ್ನು ಹಿಡಿತದಲ್ಲಿಡುವ, ಸೊನ್ನೆ ಇರಬೇಕಾದ ಗ್ರಿಡ್ಡಿನಲ್ಲಿ ಐದು ವೋಲ್ಟ್. ಆಸೆಗೆ ಬಿದ್ದು ಅದೇ ಹಳೆಯ ರೇಡಿಯೊದಿಂದ ತೆಗೆದು ಹಾಕಿದ್ದ ಕಾಗದದ ಕಪ್ಲಿಂಗ್ ಕೆಪಾಸಿಟರ್, ಹಿಂದಿನ ಹಂತದ ಡಿಸಿಯನ್ನು ತಡೆಯುವ ಬದಲು ಸೋರುತ್ತಿತ್ತು. ಹದಿನೈದು ರೂಪಾಯಿ ಉಳಿಸಲು ಹೋಗಿ ಒಂದು ಒಳ್ಳೆಯ ವಾಲ್ವನ್ನು ಸುಟ್ಟುಕೊಂಡೆ.

ನಡುವೆ ದಾರಿ ತಪ್ಪಿ, ಭಜನೆಯ ಹಾರ್ಮೋನಿಯಂ ತಳಕ್ಕೆ ಕಂಪನ ಹಿಡಿಯುವ ಪೀಜೊ ಬಿಲ್ಲೆ ಅಂಟಿಸಿ ಇದೇ ಆಂಪಿಗೆ ಜೋಡಿಸಿದ್ದೂ ಉಂಟು. ಸ್ವರ ತುಂಬಿಕೊಂಡು ಬಂದಿತು, ಆದರೆ ತಿದಿಯ ಏದುಸಿರು ಅದಕ್ಕಿಂತ ಜೋರಾಗಿತ್ತು.

ಸ್ಪೀಕರಿನಿಂದ ಸದಾ ಬರುವ ಗುಂಯ್ ಸದ್ದು (ಹಮ್) 50 ಹರ್ಟ್ಸ್ ಆದರೆ ವಾಲ್ವನ್ನು ಕಾಯಿಸುವ ಹೀಟರ್ ತಂತಿಯನ್ನೂ, 100 ಆದರೆ ವಿದ್ಯುತ್ ಪೂರೈಕೆಯ ಫಿಲ್ಟರನ್ನೂ ನೋಡಬೇಕು. ನನ್ನಲ್ಲಿ ಎರಡೂ ಇದ್ದವು.

ಪುಸ್ತಕದ ಮೇಲೆ ನನಗೆ ನಂಬಿಕೆ ಕೂತದ್ದು ಗಿಟಾರಿನ ಸಣ್ಣ ಸಂಕೇತವನ್ನು ಮೊದಲು ಹಿಗ್ಗಿಸುವ ಇಸಿಸಿ83 ವಾಲ್ವಿನ ಹಂತದಲ್ಲಿ. ಪೆನ್ಸಿಲಿನಲ್ಲಿ ಗ್ರಾಫ್ ಹಾಳೆಯ ಮೇಲೆ ಒಂದು ಲಕ್ಷ ಓಮಿನ ಲೋಡ್‌ಲೈನ್ (ಪ್ಲೇಟಿನ ವೋಲ್ಟೇಜು ಮತ್ತು ಕರೆಂಟಿನ ಗೆರೆ) ಎಳೆದು, ಕ್ಯಾಥೋಡಿಗೆ ಒಂದೂವರೆ ಸಾವಿರ ಓಮ್ ಇಟ್ಟರೆ ಪ್ಲೇಟಿನಲ್ಲಿ 164 ವೋಲ್ಟ್ ನಿಲ್ಲಬೇಕೆಂದು ಬರೆದಿದ್ದೆ; ಮೀಟರು 167 ತೋರಿಸಿತು. ಆ ಹಾಳೆಯನ್ನು ಹಲಸಿನ ಹಲಗೆಯ ಪೆಟ್ಟಿಗೆಯ ಒಳಬದಿಗೆ ಅಂಟಿಸಿದ್ದೇನೆ. ನಕಲು ಮಾಡು ಎಂದಿದ್ದ ಗಿಟಾರ್ ವಾದಕರು ಗಣೇಶನ ಹಬ್ಬದೊಳಗೆ ತಮಗೂ ಒಂದು ಬೇಕೆಂದು ಕೇಳಿದ್ದಾರೆ, ಬೆಲೆಯನ್ನು ನಾನಿನ್ನೂ ಹೇಳಿಲ್ಲ.