ರುಚಿ ನೋಡದೆ ಮಾಡುವ ಪಂದಿ ಕರಿ

ಈ ಸಲ ಕೊಡಗಿನ ಹಬ್ಬ ಕೈಲ್ ಮುಹೂರ್ತಕ್ಕೆ ಹನ್ನೊಂದು ಕಿಲೋ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಮಾಡಿದೆ. ಇಳಿಸುವವರೆಗೂ ಒಂದು ಹನಿ ಬಾಯಿಗೆ ಹಾಕಿ ನೋಡಲಿಲ್ಲ. ಹತ್ತಿರ ಹತ್ತಿರ ನಲವತ್ತು ಜನ ಉಂಡರು. ಒಬ್ಬಳನ್ನು ಬಿಟ್ಟು ಯಾರೂ ಉಪ್ಪಿನ ಸುದ್ದಿ ಎತ್ತಲಿಲ್ಲ. ಆ ಒಬ್ಬಳ ವಿಷಯ ಆಮೇಲೆ ಹೇಳುತ್ತೇನೆ.

ಆರೇಳು ವರ್ಷದ ಹಿಂದೆ ಇದೇ ಜನ "ಇವಳ ಕೈಗೆ ಉಪ್ಪಿನ ಡಬ್ಬಿ ಕೊಡಬೇಡಿ" ಅನ್ನುತ್ತಿದ್ದರು. ಡಿಜಿಟಲ್ ತಕ್ಕಡಿ ತಂದು ಒಲೆ ಪಕ್ಕ ಇಟ್ಟ ದಿನ ದೊಡ್ಡಮ್ಮ, "ಇದೇನು ಅಡುಗೆಮನೆಯಾ, ಚಿನ್ನದ ಅಂಗಡಿಯಾ?" ಅಂತ ಬಿದ್ದು ಬಿದ್ದು ನಕ್ಕಿದ್ದರು. ರುಚಿ ನೋಡದೆ ಯಾರಾದರೂ ಅಡುಗೆ ಮಾಡುತ್ತಾರಾ, ಅಲ್ವಾ? ನಾನು ಮಾಡುತ್ತೇನೆ. ಮೈಸೂರಿನಲ್ಲಿ ಪ್ರತಿ ಭಾನುವಾರ ಎಂಟು ಹತ್ತು ಕಿಲೋ ಆರ್ಡರ್ ಹೋಗುತ್ತೆ. ದೊಡ್ಡಮ್ಮನ ಸೊಸೆಯೂ ಈಗ ನನ್ನ ಹತ್ತಿರವೇ ತರಿಸಿಕೊಳ್ಳುತ್ತಾಳೆ.

ನನ್ನ ನಾಲಿಗೆಯನ್ನು ನಂಬದಿರಲು ಕಾರಣ ಇದೆ. ನನಗೆ ಹುಟ್ಟಿನಿಂದ ಸಿಎಎಚ್ ಇದೆ, ಕಂಜೆನಿಟಲ್ ಅಡ್ರೀನಲ್ ಹೈಪರ್‌ಪ್ಲೇಸಿಯಾ ಅನ್ನುವ ಕಾಯಿಲೆ. ಮೂತ್ರಪಿಂಡದ ಮೇಲೆ ಟೋಪಿ ಥರ ಕೂತಿರುವ ಅಡ್ರೀನಲ್ ಗ್ರಂಥಿ ಕೆಲವು ಹಾರ್ಮೋನು ಮಾಡಲ್ಲ. ಅದರ ಬದಲು ಗಂಡಸರ ಹಾರ್ಮೋನು ಜಾಸ್ತಿ ಮಾಡುತ್ತೆ. ನನ್ನದು ಉಪ್ಪು ಸೋರಿ ಹೋಗುವ ಜಾತಿಯದು. ಉಪ್ಪು ಮೈಯಲ್ಲಿ ನಿಲ್ಲದೆ ಮೂತ್ರದಲ್ಲಿ ಹೋಗಿಬಿಡುತ್ತೆ. ಚಿಕ್ಕವಳಿದ್ದಾಗ ಉಪ್ಪಿನಕಾಯಿ ಭರಣಿಯ ರಸ ಕುಡಿದು ಏಟು ತಿಂದಿದ್ದೇನೆ. ಕಲ್ಲುಪ್ಪು ಲಂಗದ ಜೇಬಿನಲ್ಲೇ ಇರುತ್ತಿತ್ತು.

ಹೀಗಿರುವವಳು ಪಂದಿ ಕರಿಗೆ ಉಪ್ಪು ಹಾಕಿದರೆ ಏನಾಗುತ್ತೆ? ನನಗೆ ಹದ ಅನ್ನಿಸಿದ್ದು ಉಳಿದವರಿಗೆ ಸಮುದ್ರ. 2018ರಲ್ಲಿ ಒಂದು ಗೃಹಪ್ರವೇಶಕ್ಕೆ ಆರು ಕಿಲೋ ಒಪ್ಪಿಕೊಂಡಿದ್ದೆ. ಮಧ್ಯಾಹ್ನ ಮೂರು ಗಂಟೆಗೆ ಪಾತ್ರೆ ಹಾಗೇ ವಾಪಸ್ ಬಂತು. ಆಲೂಗಡ್ಡೆ ಹಾಕಿ ನೋಡಿದೆ, ಅಕ್ಕಿ ಹಿಟ್ಟಿನ ಉಂಡೆ ಮುಳುಗಿಸಿ ನೋಡಿದೆ. ಆಲೂಗಡ್ಡೆ ಉಪ್ಪಾಯಿತು, ಸಾರು ಇದ್ದ ಹಾಗೇ ಇತ್ತು. ಮಾಂಸ, ಕಾಚಂಪುಳಿ ಅನ್ನುವ ಕೊಡಗಿನ ಕಪ್ಪು ಹುಳಿ, ಗ್ಯಾಸು ಎಲ್ಲಾ ಸೇರಿ ನಾಲ್ಕು ಸಾವಿರದ ಮೇಲೆ ಹೋಯಿತು. ಮರ್ಯಾದೆ ಲೆಕ್ಕಕ್ಕೆ ಹಿಡಿದಿಲ್ಲ.

ಮುಂದಿನ ವಾರವೇ ನಾನೂರು ರೂಪಾಯಿ ಕೊಟ್ಟು ತಕ್ಕಡಿ ತಂದೆ. ಹತ್ತು ಗ್ರಾಂನಿಂದ ಶುರು ಮಾಡಿ ಒಂದೊಂದೇ ಗ್ರಾಂ ಏರಿಸುತ್ತಾ ಪಕ್ಕದ ಮನೆಯವರಿಗೆ ತಿನ್ನಿಸಿದೆ. ತೊಗಲು, ನೆಣ ಸೇರಿ ಒಂದು ಕಿಲೋ ಮಾಂಸಕ್ಕೆ ಹದಿಮೂರರಿಂದ ಹದಿನಾಲ್ಕು ಗ್ರಾಂ. ಅಲ್ಲಿಗೆ ನಿಂತಿತು. ಚಮಚದ ಲೆಕ್ಕ ಬೇಡ. ಕಲ್ಲುಪ್ಪಿನ ಚಮಚ ಬೇರೆ, ಪುಡಿ ಉಪ್ಪಿನ ಚಮಚ ಬೇರೆ. ತೂಕಕ್ಕೆ ಆ ಗೊಂದಲ ಇಲ್ಲ. ಉಪ್ಪಿನ ಮುಕ್ಕಾಲು ಭಾಗ ಅರಿಶಿನದ ಜೊತೆ ಹಸಿ ಮಾಂಸಕ್ಕೆ ಸವರುತ್ತೇನೆ, ಉಳಿದದ್ದು ಕಪ್ಪು ಮಸಾಲೆ ಜೊತೆ.

ಉಳಿದದ್ದೆಲ್ಲ ನಿಮಗೆ ಗೊತ್ತಿರುವುದೇ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ತರಿತರಿಯಾಗಿ ಅರೆದು ಹಾಕಿ ಸಣ್ಣ ಉರಿ. ಎಣ್ಣೆ ಬೇಡ, ನೀರು ಬೇಡ, ಕುಕ್ಕರ್ ಅಂತೂ ಬೇಡವೇ ಬೇಡ. ಮಾಂಸ ತನ್ನ ನೀರು ತಾನೇ ಬಿಡುತ್ತೆ, ಆಮೇಲೆ ನೆಣ ಬಿಡುತ್ತೆ. ಎರಡು ಗಂಟೆ, ಕೆಲವು ಸಲ ಎರಡೂವರೆ. ಕೊತ್ತಂಬರಿ ಬೀಜ, ಜೀರಿಗೆ, ಸಾಸಿವೆ, ಮೆಂತ್ಯ, ಕಾಳುಮೆಣಸು ಬೇರೆ ಬೇರೆ ಹುರಿಯಬೇಕು. ಇನ್ನೊಂದು ನಿಮಿಷ ಬಿಟ್ಟರೆ ಸೀದೇ ಹೋಗುತ್ತೆ ಅನ್ನುವಲ್ಲಿ ಇಳಿಸಬೇಕು. ಕಾಚಂಪುಳಿ ಕೊನೆಗೆ. ಕಾಳುಮೆಣಸು ಹುರಿಯುವಾಗ ನಾನು ಇನ್ನೊಂದು ಸಾಮಾನು ಜೊತೆಗೆ ಹಾಕುತ್ತೇನೆ. ಅದನ್ನು ಇಲ್ಲಿ ಹೇಳಲ್ಲ. ನನ್ನ ಭಾನುವಾರದ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ಎರಡು ಗಂಟೆ ಒಲೆ ಮುಂದೆ ಕೂತರೆ ತಲೆ ಎಲ್ಲೆಲ್ಲಿಗೋ ಹೋಗುತ್ತೆ. ನನ್ನದು ಸಾಮಾನ್ಯವಾಗಿ 1982ಕ್ಕೆ ಹೋಗುತ್ತೆ.

ನನಗಿಂತ ಮುಂಚೆ ಅವ್ವನಿಗೆ ಒಂದು ಗಂಡು ಮಗು ಹುಟ್ಟಿತ್ತು. ನೋಡೋಕೆ ಏನೂ ವ್ಯತ್ಯಾಸ ಇಲ್ಲ, ದುಂಡುದುಂಡಗಿತ್ತಂತೆ. ಎರಡನೇ ವಾರ ವಾಂತಿ ಶುರುವಾಯಿತು. ಇಪ್ಪತ್ತು ದಿನಕ್ಕೆ ಹೋಯಿತು. ದೃಷ್ಟಿ ಅಂದರು, ಭೇದಿ ಅಂದರು. ಎರಡು ವರ್ಷ ಬಿಟ್ಟು ನಾನು ಹುಟ್ಟಿದೆ. ನನ್ನನ್ನು ನೋಡಿದ ಸೂಲಗಿತ್ತಿಗೆ ಹೆಣ್ಣೋ ಗಂಡೋ ಹೇಳಲು ಬರಲಿಲ್ಲ. ಹೆಣ್ಣುಮಕ್ಕಳಿಗೆ ಇರುವುದಕ್ಕಿಂತ ದೊಡ್ಡದಿತ್ತು, ಗಂಡುಮಕ್ಕಳಿಗಿಂತ ಚಿಕ್ಕದು. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಹೆದರಿಕೊಂಡು ಜೀಪು ಮಾಡಿಸಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬರು ವಯಸ್ಸಾದ ಡಾಕ್ಟರು ರಕ್ತದ ಉಪ್ಪು ನೋಡಿಸಿದರು. ಸೋಡಿಯಂ ಕೆಳಗೆ, ಪೊಟ್ಯಾಷಿಯಂ ಮೇಲೆ. ಮಾತ್ರೆ, ಉಪ್ಪು ನೀರು ಶುರುವಾಯಿತು. ನಾನು ಬದುಕಿದೆ.

ನನಗೆ ಇನ್ನೊಬ್ಬ ಅಣ್ಣನಾಗಬೇಕಿದ್ದ ಆ ಮಗುವಿಗೂ ಇದೇ ಇತ್ತು ಅಂತ ನನಗೀಗ ಗುಮಾನಿ. ಗಂಡು ಮಗುವಿನಲ್ಲಿ ಹೊರಗೆ ಏನೂ ಕಾಣಲ್ಲ. ಯಾರಿಗೂ ಹೊಳೆಯುವ ಮುಂಚೆ ಉಪ್ಪೆಲ್ಲ ಸೋರಿ ಹೋಗಿರುತ್ತೆ. ನಾನು ಉಳಿದದ್ದು ನನ್ನ ಮೈ ಬೇರೆ ಥರ ಕಂಡಿದ್ದಕ್ಕೆ.

1985ರಲ್ಲಿ ಅದನ್ನೇ ಕತ್ತರಿಸಿದರು.

ಅದರಿಂದ ನನಗೆ ನೋವಿರಲಿಲ್ಲ. ಮೂತ್ರಕ್ಕೆ ಅಡ್ಡಿ ಇರಲಿಲ್ಲ. "ಮೂರು ವರ್ಷದ ಮಗು, ನೆನಪೂ ಇರಲ್ಲ, ಈಗಲೇ ಮುಗಿಸಿಬಿಡೋಣ" ಅಂದರಂತೆ. ಅಪ್ಪ ಎರಡು ಹಸು ಮಾರಿದರು. ಆ ದಿನದ ನೆನಪು ನಿಜವಾಗಿಯೂ ಇಲ್ಲ. ಆಮೇಲಿನದ್ದು ಇದೆ. ಆರು ವರ್ಷದವಳು, ಹಸಿರು ಪರದೆ, ಸುತ್ತ ಎಂಟು ಹತ್ತು ಸ್ಟೂಡೆಂಟುಗಳು, ಮೇಲೆತ್ತಿದ ನನ್ನ ಫ್ರಾಕು. ಅವ್ವ ಗೋಡೆ ಕಡೆ ತಿರುಗಿ ನಿಂತಿದ್ದಳು. ಹದಿನೈದನೇ ವಯಸ್ಸಿಗೆ ಇನ್ನೊಂದು ಆಪರೇಷನ್. ಏನು, ಯಾಕೆ ಅಂತ ಆಗಲೂ ಯಾರೂ ಹೇಳಲಿಲ್ಲ. ಅಲ್ಲಿ ಈಗಲೂ ಅರ್ಧ ಜಾಗ ಮರಗಟ್ಟಿದೆ. ಮೂವತ್ತರ ಹೊತ್ತಿಗೆ ಹೋಗಿ ನನ್ನ ಫೈಲು ಕೇಳಿದೆ. ಅಷ್ಟು ಹಳೆಯದು ಇಟ್ಟಿರಲ್ಲ ಅಂದರು.

ಒಂದು ವಿಷಯ ತಿಳಿದಾಗ ಮಾತ್ರ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1950ರಲ್ಲಿ ಲಾಸನ್ ವಿಲ್ಕಿನ್ಸ್ ಅನ್ನುವ ಮಕ್ಕಳ ಡಾಕ್ಟರು ಈ ಕಾಯಿಲೆಗೆ ಕಾರ್ಟಿಸೋನ್ ಕೆಲಸ ಮಾಡುತ್ತೆ ಅಂತ ತೋರಿಸಿದರು. ನನ್ನ ಬೆಳಗಿನ ಮಾತ್ರೆ ಆ ವಂಶದ್ದೇ. ಅದೇ ಆಸ್ಪತ್ರೆಯಲ್ಲಿ, ಅದೇ ದಶಕದಲ್ಲಿ, ಜಾನ್ ಮನಿ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು ಮಗುವಿಗೆ ಬೇಗ ಒಂದು ಲಿಂಗ ನಿಗದಿ ಮಾಡಿ, ಮೈಯನ್ನೂ ಅದಕ್ಕೆ ಹೊಂದಿಸಿಬಿಡಬೇಕು ಅನ್ನುವ ನಿಯಮ ಕಟ್ಟಿದರು. ಮಾತ್ರೆ, ಚಾಕು ಎರಡೂ ಒಂದೇ ಬಾಗಿಲಿನಿಂದ ಹೊರಟು ನಮ್ಮೂರಿನವರೆಗೆ ಬಂದವು. ಮಾತ್ರೆ ಕಂಡುಹಿಡಿದವರಿಗೆ ಕೈ ಮುಗಿಯುತ್ತೇನೆ. ಇನ್ನೊಂದರ ಬಗ್ಗೆ ಏನು ಹೇಳಲಿ.

ಹುಟ್ಟಿನಿಂದ ಮೈ ಗಂಡು ಹೆಣ್ಣಿನ ಸಾಮಾನ್ಯ ಅಚ್ಚಿಗೆ ಕೂರದವರಿಗೆ ಹೇಳುವ ಇಂಟರ್‌ಸೆಕ್ಸ್ ಅನ್ನುವ ಪದ ಸಿಎಎಚ್ ಇರುವ ಎಷ್ಟೋ ಮನೆಯವರಿಗೆ ಇಷ್ಟ ಇಲ್ಲ. ನಮ್ಮ ಮಗಳು ಹೆಣ್ಣೇ, ಆ ಪದ ಬೇಡ ಅನ್ನುತ್ತಾರೆ. ನಾನೂ ಹೆಣ್ಣೇ. ಪದದಿಂದ ನನಗೆ ತೊಂದರೆ ಆಗಿಲ್ಲ.

ಹಂದಿ ವಿಷಯಕ್ಕೆ ಬರುತ್ತೇನೆ. ಶನಿವಾರ ಸಂಜೆ ಕುಶಾಲನಗರದ ಕಡೆಯಿಂದ ಮಾಂಸ ತರಿಸುತ್ತೇನೆ. ಕಿಲೋಗೆ 350ರಿಂದ 400ರ ಒಳಗೆ ಬೀಳುತ್ತೆ. ಒಮ್ಮೆ ಎಂಟು ಕಿಲೋ ಬಂತು. ಬೆಂದ ಮೇಲೆ ಮನೆಯೆಲ್ಲ ಹಳೇ ಮೂತ್ರದ ನಾತ. ಬೀಜ ತೆಗೆಸದ ಬಲಿತ ಗಂಡು. ಕಾಚಂಪುಳಿ ಎರಡು ಪಟ್ಟು ಹಾಕಿದರೂ ಹೋಗಲಿಲ್ಲ. ಅಷ್ಟೂ ನಾಯಿಗಳಿಗೆ. ಅದಾದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಮಾಂಸ ಬಂದ ತಕ್ಷಣ ನೆಣದ ಒಂದು ಚೂರು ಬಿಸಿ ಕಾವಲಿಗೆ ಹಾಕಿ ಮೂಸಿ ನೋಡುವುದು. ನಾತ ಇದ್ದರೆ ಬಿಸಿಗೆ ಹೊರಗೆ ಬಂದೇ ಬರುತ್ತೆ.

ಅಂಗಡಿಯವನ ಹತ್ತಿರ ಜಗಳಕ್ಕೆ ಹೋದರೆ ಅವನು ಪಾಪ ಸಮಾಧಾನ ಮಾಡಿದ. "ಇನ್ಮೇಲೆ ನೋಡಿ ಕಳಿಸ್ತೀನಿ ಅಕ್ಕ. ಮರಿಯಲ್ಲೇ ಬೀಜ ತೆಗೆದುಬಿಟ್ರೆ ನಾತ ಬರಲ್ಲ. ಚಿಕ್ಕದರಲ್ಲೇ ಮಾಡಿದ್ರೆ ಅದಕ್ಕೆ ಗೊತ್ತೂ ಆಗಲ್ಲ." ಚೀಲ ಹಿಡಿದುಕೊಂಡು ಅಲ್ಲೇ ನಿಂತೆ. ಅವನಿಗೆ ಏನು ಅರ್ಥವಾಗಬೇಕು. ಚಿಲ್ಲರೆಗೆ ನಿಂತಿದ್ದೇನೆ ಅಂದುಕೊಂಡು ಇಪ್ಪತ್ತು ರೂಪಾಯಿ ಕೈಗಿಟ್ಟ.

ಪೆಸಿಫಿಕ್ ಸಾಗರದ ವನುವಾಟು ದ್ವೀಪಗಳಲ್ಲಿ ಗಂಡು ಹೆಣ್ಣು ಎರಡರ ಗುರುತೂ ಇರುವ ಹಂದಿಗಳಿಗೆ ಬೆಲೆ ಜಾಸ್ತಿಯಂತೆ. ಅಂಥ ಮರಿ ಬರಲಿ ಅಂತಲೇ ತಳಿ ಕಾಪಾಡಿಕೊಂಡು ಬಂದಿದ್ದಾರೆ. 1920ರ ದಶಕದಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞರೊಬ್ಬರು ಹೋಗಿ ಅದರ ಮೇಲೆ ಬರೆದಿದ್ದಾರೆ. ಅತ್ತಿಗೆಗೆ ಹೇಳಿದೆ. "ಹಾಗಾದ್ರೆ ನೀನು ಅಲ್ಲೇ ಹುಟ್ಟಬೇಕಿತ್ತು" ಅಂದಳು. ಇಬ್ಬರೂ ಈರುಳ್ಳಿ ಹೆಚ್ಚುತ್ತಿದ್ದೆವು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕಾಚಂಪುಳಿ ಬದಲು ಬೇರೆ ಹುಳಿ ನಡೆಯುತ್ತಾ ಅಂತ ಬಹಳ ಜನ ಕೇಳುತ್ತಾರೆ. ಹುಣಸೆಹಣ್ಣು ಹಾಕಿದೆ, ಕೋಳಿ ಸಾರಿನ ಥರ ಆಯಿತು. ಪುನರ್ಪುಳಿ ಹಾಕಿದೆ, ಬಣ್ಣ ಕೆಂಪಗೆ ಬಂದು ನೋಡಿದವರೇ ಹಿಂದೆ ಸರಿದರು. ವಿನೆಗರ್ ಹಾಕಿದರೆ ಮಂಗಳೂರಿನ ಕಡೆಯ ಅಡುಗೆ, ಚೆನ್ನಾಗಿದೆ, ಆದರೆ ಅದು ಬೇರೆ. ಬಾಟಲಿಗೆ ಐನೂರು ಆರುನೂರು ಕೊಟ್ಟಾದರೂ ಕಾಚಂಪುಳಿಯೇ ತನ್ನಿ. ಬೆಲ್ಲದ ಪಾಕ ಬೆರೆಸಿ ಮಾರುವವರಿದ್ದಾರೆ. ಬೆರಳಿಗೆ ಅಂಟಂಟು ಹತ್ತಿದರೆ ವಾಪಸ್ ಕೊಡಿ. ಪಂದಿ ಕರಿ ಜೊತೆ ತಿನ್ನುವ ಅಕ್ಕಿ ಉಂಡೆ ಕಡಂಬುಟ್ಟನ್ನು ಇಡ್ಲಿ ರವೆಯಲ್ಲಿ ಮಾಡಲು ಹೋಗಿ ಎರಡು ಕಿಲೋ ರವೆ ಹಾಳು ಮಾಡಿದ್ದೂ ಉಂಟು. ಅಕ್ಕಿ ತರಿಯೇ ಬೇಕು.

ಈಗ ನನ್ನ ಇನ್ನೊಂದು ಗೆಲುವು. 2013ರಲ್ಲಿ ಅಣ್ಣನಿಗೆ ಮಗಳು ಹುಟ್ಟಿದಳು. ಅಪ್ಪ ಅವ್ವ ಸೋದರ ಸಂಬಂಧ, ಅಣ್ಣ ಅತ್ತಿಗೆಯೂ ಅದೇ ಸಂಬಂಧ. ಮಗುವಿಗೂ ಸಿಎಎಚ್ ಬರಬಹುದು ಅಂತ ನನಗೆ ಮೊದಲೇ ಭಯ ಇತ್ತು. ಮೂರನೇ ದಿನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಿದೆವು. ಬಂದ ಉತ್ತರ ಅದೇ. ಒಂದು ವಾಂತಿ ಕೂಡ ಆಗುವ ಮುಂಚೆ ಮಾತ್ರೆ ಶುರುವಾಯಿತು. ಹತ್ತು ಎಂಜಿ ಮಾತ್ರೆಯನ್ನು ಬ್ಲೇಡಿನಲ್ಲಿ ನಾಲ್ಕು ಭಾಗ ಮಾಡಿ, ಪುಡಿ ಮಾಡಿ, ಎದೆಹಾಲಿನಲ್ಲಿ ಕಲಸಿ ಕೊಡಬೇಕು. ಅತ್ತಿಗೆಗೆ ಆ ಕೈಚಳಕ ಕಲಿಸಿದ್ದು ನಾನೇ. ಉಪ್ಪಿನ ತೂಕ ಅಲ್ಲಿಂದಲೇ ಕಲಿತೆ ಅಂದರೂ ತಪ್ಪಿಲ್ಲ. ಮಗುವಿಗೆ ದಿನಕ್ಕೆ ಒಂದು ಗ್ರಾಂ ಚಿಲ್ಲರೆ ಉಪ್ಪನ್ನು ಹಾಲಿಗೆ ಹಂಚಿ ಹಾಕುತ್ತಿದ್ದೆವು.

ಒಂದು ವರ್ಷಕ್ಕೆ ಸರ್ಜರಿ ಮಾಡಿಸಿ ಅಂದರು. ಅಣ್ಣ ಒಪ್ಪಿಕೊಂಡು ಬಂದಿದ್ದ. "ನಾಳೆ ಮದುವೆ ಹೊತ್ತಿಗೆ ಯಾರು ಉತ್ತರ ಕೊಡ್ತಾರೆ?" ಅಂತ ಕೇಳಿದ. ನಾನು ಅತ್ತಿಗೆಯನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಅವ್ವನಿಗೂ ತೋರಿಸದ್ದನ್ನು ತೋರಿಸಿದೆ. ಮೂತ್ರ ಕಟ್ಟಿಕೊಂಡರೆ ಬೇರೆ ಮಾತು, ಇವಳಿಗೆ ಅಂಥದ್ದೇನೂ ಇಲ್ಲ, ಬೇಕಾದರೆ ಅವಳೇ ದೊಡ್ಡವಳಾಗಿ ಮಾಡಿಸಿಕೊಳ್ಳಲಿ ಅಂದೆ. ಅತ್ತಿಗೆ ಹೊರಗೆ ಬಂದವಳೇ ಡೇಟು ಕ್ಯಾನ್ಸಲ್ ಮಾಡಿಸಿದಳು. ಅಣ್ಣ ನನ್ನ ಹತ್ತಿರ ಆರು ತಿಂಗಳು ಮಾತಾಡಲಿಲ್ಲ.

ಆಗ ನನ್ನ ಪರವಾಗಿ ತೋರಿಸಲು ಒಂದು ಕಾಗದ ಇರಲಿಲ್ಲ. ಮಾಲ್ಟಾ ದೇಶ ಇಂಥ ಆಪರೇಷನ್‌ಗೆ ತಡೆ ಹಾಕಿದ್ದು 2015ರಲ್ಲಿ. ನಮ್ಮ ಪಕ್ಕದಲ್ಲೇ, 2019ರ ಏಪ್ರಿಲ್‌ನಲ್ಲಿ, ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ತೀರ್ಪು ಕೊಟ್ಟಿತು. ತಂದೆ ತಾಯಿಯ ಒಪ್ಪಿಗೆಯನ್ನು ಮಗುವಿನ ಒಪ್ಪಿಗೆ ಅಂತ ಲೆಕ್ಕ ಹಿಡಿಯಲಾಗದು ಅಂದಿತು. ಅದೇ ವರ್ಷ ತಮಿಳುನಾಡು ಸರ್ಕಾರ, ಜೀವಕ್ಕೆ ಅಪಾಯ ಇದ್ದರೆ ಹೊರತು ಮಕ್ಕಳಿಗೆ ಮಾಡುವಂತಿಲ್ಲ ಅಂತ ಆದೇಶ ಹೊರಡಿಸಿತು. ಪೇಪರಿನ ಆ ತುಂಡು ಕತ್ತರಿಸಿ ಅಣ್ಣನಿಗೆ ಕೊಟ್ಟೆ. ಓದಿ ಮಡಚಿ ಜೇಬಿಗಿಟ್ಟ. ಆಮೇಲೆ ಎರಡು ಕಿಲೋ ಪಂದಿ ಕರಿ ಆರ್ಡರ್ ಮಾಡಿದ, ದುಡ್ಡು ಕೊಟ್ಟು.

ಇದಕ್ಕೆಲ್ಲ ಆಗುವ ಖರ್ಚು ದೊಡ್ಡದಲ್ಲ. ನನ್ನ ಮಾತ್ರೆಗೆ ತಿಂಗಳಿಗೆ ಸಾವಿರ, ಸಾವಿರದ ಇನ್ನೂರು. ಕಷ್ಟ ಇರುವುದು ಉಪ್ಪು ಹಿಡಿದಿಡುವ ಆ ಸಣ್ಣ ಮಾತ್ರೆ ಸಿಗುವುದರಲ್ಲಿ. ಮೂರು ಅಂಗಡಿ ತಿರುಗಬೇಕು, ಸಿಕ್ಕಾಗ ಮೂರು ತಿಂಗಳಿಗೆ ಆಗುವಷ್ಟು ತಂದಿಡಬೇಕು. ಅದರ ಡೋಸು ಕಮ್ಮಿಯಾದರೆ ನನ್ನ ಬಾಯಿ ಉಪ್ಪು ಬೇಡುತ್ತೆ. 2018ರ ಆ ಗೃಹಪ್ರವೇಶದ ಪಾತ್ರೆ ವಾಪಸ್ ಬಂದಾಗಲೂ ಡೋಸು ಕಮ್ಮಿಯೇ ಇತ್ತಂತೆ. ರೆನಿನ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿದ ಮೇಲೆ ಡಾಕ್ಟರು ಹೇಳಿದರು.

ಈ ಸಲ ಊಟದ ದಿನ ಬೆಳಿಗ್ಗೆ ಅಣ್ಣನ ಮಗಳು ಹಾಕಿ ಸ್ಟಿಕ್ ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. ಈಗ ಹನ್ನೆರಡು ವರ್ಷ. ತನ್ನ ಮೈ ಬಗ್ಗೆ ಅವಳಿಗೆ ಎಲ್ಲಾ ಗೊತ್ತು. ಇದನ್ನು ಬರೆಯಲಾ ಅಂತ ಕೇಳಿದ್ದಕ್ಕೆ, "ಹೆಸರು ಹಾಕಬೇಡ ಅತ್ತೆ, ಹಾಕಿ ಆಡ್ತೀನಿ ಅಂತ ಬೇಕಾದ್ರೆ ಹಾಕು" ಅಂದಳು. ಮಧ್ಯಾಹ್ನ ಪಂಕ್ತಿಯಲ್ಲಿ ಎಲ್ಲರೂ ಕಡಂಬುಟ್ಟು ಮುರಿದು ಸಾರಿಗೆ ಅದ್ದುತ್ತಿದ್ದರು. ದೊಡ್ಡಮ್ಮ ಎರಡನೇ ಸಲ ಹಾಕಿಸಿಕೊಂಡರು. ಅಣ್ಣನ ಮಗಳು ಒಂದು ತುಂಡು ಬಾಯಿಗಿಟ್ಟು ನನ್ನ ಕಡೆ ನೋಡಿದಳು.

"ಅತ್ತೆ, ಉಪ್ಪು ಕಮ್ಮಿ."

ನಾನೂ ಒಂದು ತುಂಡು ತಿಂದೆ. ನನಗೆ ಸರಿಯಾಗೇ ಇತ್ತು. ಅತ್ತಿಗೆ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಉಪ್ಪಿನ ಬಟ್ಟಲನ್ನು ಅವಳ ಎಲೆ ಹತ್ತಿರ ತಳ್ಳಿ, "ಹೋದ ಸಲ ರಕ್ತ ಕೊಟ್ಟಿದ್ದು ಯಾವಾಗ?" ಅಂತ ಕೇಳಿದೆ. ಮಾರ್ಚಿನಲ್ಲಿ ಅಂದಳು. ಅಣ್ಣ ಆಗಲೇ ಎಡಗೈಯಲ್ಲಿ ಫೋನು ತೆಗೆದು ಡಾಕ್ಟರ ನಂಬರು ಹುಡುಕುತ್ತಿದ್ದ.