ಕಿಡ್ನಿ ಸ್ಲೈಡ್ ಓದುವುದು ಹೇಗೆ

ಮೊದಲ ವರ್ಷದ ಮಕ್ಕಳು ಕಿಡ್ನಿ ಸ್ಲೈಡ್ ಹಾಕಿಕೊಂಡು ಕೂತ ದಿನ ನಮ್ಮ ಲ್ಯಾಬಿನಲ್ಲಿ ಒಂದೇ ಮಾತು. "ಮೇಡಂ, ಎಲ್ಲಾ ಒಂದೇ ಥರ ಕಾಣ್ತಿದೆ." ಅವರ ಮಾತು ನಿಜವೇ. ಎಲ್ಲಿ ನೋಡಿದರೂ ಗುಲಾಬಿ ಬಣ್ಣದ ದುಂಡು ಕೊಳವೆಗಳು, ಅವುಗಳಲ್ಲಿ ನೇರಳೆ ಚುಕ್ಕೆಗಳು. 14 ವರ್ಷದಿಂದ ಹಿಸ್ಟಾಲಜಿ, ಅಂದರೆ ಮೈಕ್ರೋಸ್ಕೋಪಿನಲ್ಲಿ ಅಂಗಾಂಶ ನೋಡುವ ಪಾಠ, ಕಲಿಸುತ್ತಿದ್ದೇನೆ. ಈ ಸ್ಲೈಡ್ ಬಿಡಿಸಿಕೊಳ್ಳೋಕೆ ನಾನು ಹೇಳಿಕೊಡುವ ದಾರಿ ಒಂದೇ: ಪ್ರತಿ ಕೊಳವೆಯನ್ನೂ "ನಿನ್ನ ಕೆಲಸ ಏನು?" ಅಂತ ಕೇಳಿ. ಅದರ ರೂಪದಲ್ಲೇ ಉತ್ತರ ಇರುತ್ತದೆ.

ಸ್ಲೈಡಿಗೆ ಮುಂಚೆ ಸಾಧ್ಯವಾದರೆ ಮಟನ್ ಅಂಗಡಿಯಿಂದ ಒಂದು ಕುರಿ ಕಿಡ್ನಿ ತನ್ನಿ. ಉದ್ದಕ್ಕೆ ಎರಡು ಹೋಳು ಮಾಡಿ. ಹೊರಗಿನ ಕಂದು ಪಟ್ಟಿಯೇ ಕಾರ್ಟೆಕ್ಸ್, ಒಳಗೆ ಗೆರೆ ಗೆರೆಯಾಗಿ ಕಾಣುವುದು ಮೆಡುಲ್ಲಾ. ಕುರಿಯಲ್ಲಿ ಮೆಡುಲ್ಲಾ ಒಂದೇ ತುಂಡಾಗಿ ಕೂಡಿಕೊಂಡಿರುತ್ತದೆ, ಮನುಷ್ಯರಲ್ಲಿ ಹಲವು ಪಿರಮಿಡ್‌ಗಳಾಗಿ ಬೇರೆ ಬೇರೆ ಇರುತ್ತದೆ. ಆ ಗೆರೆಗಳನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. ಅಕ್ಕಪಕ್ಕ ನೇರವಾಗಿ ಓಡುವ ಕೊಳವೆಗಳೇ ಹಾಗೆ ಕಾಣುವುದು.

ಈಗ ಮೈಕ್ರೋಸ್ಕೋಪಿಗೆ ಬನ್ನಿ. 4ಎಕ್ಸ್ ಆಬ್ಜೆಕ್ಟಿವ್‌ನಲ್ಲೇ ಶುರು ಮಾಡಿ, ಅಲ್ಲೇ ಐದು ನಿಮಿಷ ಇರಿ. ಜಾಸ್ತಿ ಜನ ತಪ್ಪುವುದು ಇಲ್ಲೇ. ನೇರ 40ಕ್ಕೆ ಹೋಗಿ ಎರಡು ಕೊಳವೆ ನೋಡಿ ಗೊಂದಲ ಮಾಡಿಕೊಳ್ಳುತ್ತಾರೆ. 4ರಲ್ಲಿ ಸ್ಲೈಡನ್ನು ನಿಧಾನವಾಗಿ ಸರಿಸುತ್ತಾ ಹೋದರೆ ಒಂದು ಕಡೆ ಕಡು ಬಣ್ಣದ ದುಂಡು ಉಂಡೆಗಳು ಚೆಲ್ಲಿದ ಹಾಗೆ ಸಿಗುತ್ತವೆ. ಅವು ಗ್ಲಾಮೆರುಲಸ್‌ಗಳು, ಅದು ಕಾರ್ಟೆಕ್ಸ್. ಅವು ಒಂದೂ ಇಲ್ಲದೆ ಬರೀ ಕೊಳವೆಗಳೇ ಇದ್ದರೆ ಮೆಡುಲ್ಲಾ. ನನ್ನ ಮೊದಲ ವರ್ಷದ ಪರೀಕ್ಷೆಯಲ್ಲಿ ಸ್ಪಾಟರ್ ಆಗಿ, ಅಂದರೆ ನೋಡಿ ಗುರುತಿಸಬೇಕಾದ ಸ್ಲೈಡಾಗಿ, ಮೆಡುಲ್ಲಾ ಇಟ್ಟಿದ್ದರು. ಗ್ಲಾಮೆರುಲಸ್ ಕಾಣಲಿಲ್ಲ ಅಂತ ಲಾಲಾರಸದ ಗ್ರಂಥಿ ಎಂದು ಬರೆದು ಬಂದೆ. ಆ ತಪ್ಪು ಇವತ್ತಿಗೂ ನೆನಪಿದೆ. ಅದಕ್ಕೇ ಕಾರ್ಟೆಕ್ಸ್ ಇಲ್ಲದ ಸ್ಲೈಡನ್ನೂ ಒಮ್ಮೆ ಎಲ್ಲರ ಕೈಗೂ ಕೊಡುತ್ತೇನೆ.

ಒಂದು ಒಳ್ಳೆಯ ಗ್ಲಾಮೆರುಲಸ್ ಆರಿಸಿಕೊಂಡು ಫೀಲ್ಡಿನ ಮಧ್ಯಕ್ಕೆ ತಂದು 10ಕ್ಕೆ, ಆಮೇಲೆ 40ಕ್ಕೆ ಹೋಗಿ. ಲ್ಯಾಟಿನ್‌ನಲ್ಲಿ ಗ್ಲೋಮಸ್ ಅಂದರೆ ನೂಲಿನ ಉಂಡೆ. ನೋಡಿದರೆ ಹಾಗೇ ಇದೆ, ಸಣ್ಣ ಸಣ್ಣ ರಕ್ತನಾಳಗಳನ್ನು ಸುತ್ತಿಟ್ಟ ಉಂಡೆ. ಅಡ್ಡಳತೆ ಸುಮಾರು 200 ಮೈಕ್ರಾನ್. 1666ರಲ್ಲಿ ಇದನ್ನು ಮೊದಲು ವಿವರಿಸಿದವರು ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ. ಉಂಡೆಯ ಸುತ್ತ ಬಿಳಿ ಜಾಗ ಕಾಣುತ್ತದೆ, ಅದರಾಚೆ ತೆಳ್ಳನೆಯ ಒಂದು ಗೆರೆ. ಆ ಗೆರೆ ಬೌಮನ್ ಕ್ಯಾಪ್ಸೂಲ್, ಅಂದರೆ ಉಂಡೆಯನ್ನು ಸುತ್ತುವರಿದ ಚೀಲದ ಗೋಡೆ. ಅದಕ್ಕೂ ಕೊಳವೆಗೂ ಇರುವ ಸಂಬಂಧವನ್ನು 1842ರಲ್ಲಿ ತೋರಿಸಿಕೊಟ್ಟವರು ವಿಲಿಯಂ ಬೌಮನ್.

ಆ ಬಿಳಿ ಜಾಗವನ್ನು ಸುಮ್ನೆ ಖಾಲಿ ಅಂತ ಬಿಟ್ಟುಬಿಡಬೇಡಿ. ಉಂಡೆಯ ರಕ್ತದಿಂದ ಸೋಸಿದ ನೀರು ಬೀಳುವುದೇ ಅಲ್ಲಿಗೆ. ಒಂದು ಗ್ಲಾಮೆರುಲಸ್, ಅದರ ಕೊಳವೆ ಸೇರಿದರೆ ಒಂದು ನೆಫ್ರಾನ್; ಒಂದು ಕಿಡ್ನಿಯಲ್ಲಿ ಅಂಥವು ಸುಮಾರು 10 ಲಕ್ಷ ಇವೆ. ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ಸೋಸುತ್ತವೆ, ದಿನಕ್ಕೆ 180 ಲೀಟರ್. ಮನೆಗೆ ತರಿಸುವ 20 ಲೀಟರಿನ ನೀರಿನ ಕ್ಯಾನ್ ಇದೆಯಲ್ವಾ, ಅಂಥ ಒಂಬತ್ತು ಕ್ಯಾನ್! ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ಉಳಿದದ್ದನ್ನೆಲ್ಲ ವಾಪಸ್ ಎಳೆದುಕೊಳ್ಳುವವು ಸುತ್ತಲಿನ ಕೊಳವೆಗಳು. ಇಷ್ಟು ತಿಳಿದ ಮೇಲೆ ಅವುಗಳತ್ತ ಕಣ್ಣು ಹಾಯಿಸಿ.

ಕಾರ್ಟೆಕ್ಸಿನಲ್ಲಿ ಎಣಿಸಲಾಗದಷ್ಟು ಕಾಣುವ ಕಡು ಗುಲಾಬಿ ಕೊಳವೆಗಳು ಪಿಸಿಟಿ (ಪ್ರಾಕ್ಸಿಮಲ್ ಕನ್ವಲ್ಯೂಟೆಡ್ ಟ್ಯೂಬ್ಯೂಲ್). ಗ್ಲಾಮೆರುಲಸ್ ಬಿಟ್ಟ ಕೂಡಲೇ ಸಿಗುವ ಮೊದಲ ಭಾಗ ಅದು. ಸೋಸಿದ ನೀರು ಮತ್ತು ಉಪ್ಪಿನಲ್ಲಿ ಮೂರರಲ್ಲಿ ಎರಡು ಪಾಲನ್ನು, ಗ್ಲೂಕೋಸನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಇಲ್ಲೇ ವಾಪಸ್ ತೆಗೆದುಕೊಳ್ಳುತ್ತದೆ. ಇಷ್ಟು ದುಡಿಯಲು ಶಕ್ತಿ ಬೇಕು, ಹಾಗಾಗಿ ಜೀವಕೋಶದ ತುಂಬ ಮೈಟೊಕಾಂಡ್ರಿಯಾ. ಸ್ಲೈಡಿಗೆ ಹಾಕುವ ಇಯೋಸಿನ್ ಎಂಬ ಗುಲಾಬಿ ಬಣ್ಣ ಅವುಗಳಿಗೆ ಚೆನ್ನಾಗಿ ಅಂಟುವುದರಿಂದಲೇ ಇಷ್ಟು ಗಾಢ ಗುಲಾಬಿ. ಹೀರಿಕೊಳ್ಳಲು ಜಾಗ ಬೇಕು, ಅದಕ್ಕೆ ಒಳಮೈ ತುಂಬ ಬ್ರಷ್ ಬಾರ್ಡರ್, ಅಂದರೆ ಬ್ರಷ್ಷಿನ ಕೂದಲಿನಂಥ ಸಣ್ಣ ಎಳೆಗಳು. 40ರಲ್ಲಿ ಫೈನ್ ನಾಬ್ ತಿರುಗಿಸುತ್ತಾ ನೋಡಿ. ಒಳಗಿನ ಅಂಚು ಚೂಪಾಗಿರದೆ ಚಾಪೆಯ ಅಂಚು ಬಿಚ್ಚಿಕೊಂಡ ಹಾಗೆ ಮಬ್ಬಾಗಿರುತ್ತದೆ, ಮಧ್ಯದ ರಂಧ್ರ ನಕ್ಷತ್ರದ ಥರ ಮುದುಡಿರುತ್ತದೆ. ಪಕ್ಕಪಕ್ಕದ ಕೋಶಗಳು ಒಂದರೊಳಗೊಂದು ಬೆರಳು ಹೆಣೆದುಕೊಂಡಿರುವುದರಿಂದ ನಡುವಿನ ಗಡಿ ಕಾಣುವುದೇ ಇಲ್ಲ.

ನಮ್ಮ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ. ಮೂತ್ರದಲ್ಲಿ ಸಕ್ಕರೆ ಯಾಕೆ ಹೋಗುತ್ತೆ ಅಂತ ಅವರು ಕೇಳಿದಾಗ ನಾನು ಹೇಳಿದ್ದು ಈ ಅಂಚಿನ ಕಥೆಯನ್ನೇ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಅದನ್ನೆಲ್ಲ ಎತ್ತಿಕೊಳ್ಳಲು ಇಲ್ಲಿನ ಕೈಗಳು ಸಾಲುವುದಿಲ್ಲ. ಅವರು ಈಗ ನುಂಗುವ ಡಾಪಾಗ್ಲಿಫ್ಲೋಜಿನ್ ಮಾತ್ರೆ ಆ ಕೈಗಳನ್ನೇ ಬೇಕೆಂದು ತಡೆದು, ಸಕ್ಕರೆಯನ್ನು ಹೊರಗೆ ಬಿಡುತ್ತದೆ. ನೀವು ರೆಕಾರ್ಡಿನಲ್ಲಿ ಗುಲಾಬಿ ಪೆನ್ಸಿಲ್ಲಿನಿಂದ ಎಳೆಯುವ ಆ ಮಬ್ಬು ಗೆರೆಗೆ ಇಷ್ಟು ಬೆಲೆ ಇದೆ. ದಯವಿಟ್ಟು ಅದನ್ನು ಬಿಟ್ಟು ಚಿತ್ರ ಬರೆಯಬೇಡಿ.

ಈ ಗುಂಪಿನಲ್ಲೇ ಅಲ್ಲೊಂದು ಇಲ್ಲೊಂದು ಬಣ್ಣ ತಿಳಿಯಾದ, ರಂಧ್ರ ಅಗಲವಾದ ಕೊಳವೆ ಸಿಗುತ್ತದೆ. ಅದು ಡಿಸಿಟಿ (ಡಿಸ್ಟಲ್ ಕನ್ವಲ್ಯೂಟೆಡ್ ಟ್ಯೂಬ್ಯೂಲ್). ಒಳಗಿನ ಅಂಚು ಕತ್ತರಿಸಿಟ್ಟ ಹಾಗೆ ಸ್ವಚ್ಛ. ಕೋಶಗಳು ಚಿಕ್ಕವು, ಹಾಗಾಗಿ ಒಂದು ಸುತ್ತಿನಲ್ಲಿ ನ್ಯೂಕ್ಲಿಯಸ್‌ಗಳು, ಅಂದರೆ ಆ ನೇರಳೆ ಚುಕ್ಕೆಗಳು, ಜಾಸ್ತಿ. ಪಿಸಿಟಿ ಸುಮಾರು 14 ಮಿಲಿಮೀಟರ್ ಉದ್ದ, ಡಿಸಿಟಿ 5 ಮಿಲಿಮೀಟರ್ ಅಷ್ಟೇ. ಉದ್ದನೆಯದು ಸುತ್ತಿ ಸುತ್ತಿ, ಸ್ಲೈಡಿಗಾಗಿ ಕಿಡ್ನಿಯನ್ನು ತೆಳ್ಳಗೆ ಕೊಯ್ಯುವ ಕತ್ತಿಗೆ ಹಲವು ಸಲ ಸಿಗುತ್ತದೆ, ಗಿಡ್ಡದು ಅಪರೂಪಕ್ಕೆ. ನಿಮಗೆ ಒಂದೇ ಫೀಲ್ಡಿನಲ್ಲಿ ಎರಡೂ ಸಮಸಮ ಕಾಣುತ್ತಿದ್ದರೆ ಇನ್ನೊಮ್ಮೆ ನೋಡಿ, ಎಲ್ಲೋ ಗುರುತು ತಪ್ಪಿರುತ್ತದೆ.

ತಾಳ್ಮೆ ಇದ್ದವರಿಗೆ ಒಂದು ಬಹುಮಾನವೂ ಇದೆ. ಡಿಸಿಟಿ ತನ್ನದೇ ಗ್ಲಾಮೆರುಲಸ್ಸಿನ ಬಾಗಿಲಿಗೆ, ಅಂದರೆ ರಕ್ತನಾಳ ಒಳಗೆ ಹೋಗಿ ಹೊರಗೆ ಬರುವ ಜಾಗಕ್ಕೆ, ಬಂದು ಒರಗುತ್ತದೆ. ಒರಗಿದ ಕಡೆ ಮಾತ್ರ ನ್ಯೂಕ್ಲಿಯಸ್‌ಗಳು ಬಸ್ಸಿನಲ್ಲಿ ನಿಂತವರ ಹಾಗೆ ಒತ್ತೊತ್ತಾಗಿರುತ್ತವೆ. ಅದೇ ಮ್ಯಾಕುಲಾ ಡೆನ್ಸಾ. ಕೊಳವೆಯಲ್ಲಿ ಬರುವ ಉಪ್ಪಿನ ಅಳತೆ ನೋಡಿ ಪಕ್ಕದ ರಕ್ತನಾಳಕ್ಕೆ ಸುದ್ದಿ ಮುಟ್ಟಿಸುತ್ತದೆ. ಉಪ್ಪು ಕಡಿಮೆಯಾದರೆ ಆ ನಾಳದ ಗೋಡೆಯ ಕೋಶಗಳು ರೆನಿನ್ ಎಂಬ ರಾಸಾಯನಿಕ ಬಿಡುತ್ತವೆ, ರಕ್ತದೊತ್ತಡ ಏರುತ್ತದೆ. ಎಲ್ಲ ಗ್ಲಾಮೆರುಲಸ್ಸಿನಲ್ಲೂ ಕತ್ತಿ ಸರಿಯಾಗಿ ಆ ಬಾಗಿಲ ಮೇಲೇ ಹಾದಿರುವುದಿಲ್ಲ. ಹತ್ತಿಪ್ಪತ್ತು ಹುಡುಕಿ, ಸಿಕ್ಕೇ ಸಿಗುತ್ತದೆ. ಸಿಕ್ಕಾಗ ಪಕ್ಕದವರನ್ನೂ ಕರೆದು ತೋರಿಸಿ.

ಮೆಡುಲ್ಲಾದಲ್ಲಿ ಎರಡು ಗುರುತು ಸಾಕು. ಮಾಸಲು ಬಣ್ಣದ, ಕೋಶಕೋಶದ ನಡುವಿನ ಗಡಿ ಇಟ್ಟಿಗೆ ಜೋಡಿಸಿದಷ್ಟು ಸ್ಪಷ್ಟವಾಗಿ ಕಾಣುವ ಕೊಳವೆ ಕಲೆಕ್ಟಿಂಗ್ ಡಕ್ಟ್. ಎಡಿಎಚ್ ಎಂಬ ಹಾರ್ಮೋನು ಬಂದಾಗ ನೀರು ಎಳೆದು ಮೂತ್ರವನ್ನು ಗಟ್ಟಿ ಮಾಡುವ ಜಾಗ ಇದು. ಪಿಸಿಟಿಗೂ ಡಿಸಿಟಿಗೂ ನಡುವೆ ಬಾಗಿ ಬರುವ ಹೆನ್ಲೆ ಲೂಪಿನ ತೆಳು ಭಾಗವಂತೂ ಕ್ಯಾಪಿಲರಿಯಂತೆಯೇ, ಅಂದರೆ ಸಣ್ಣ ರಕ್ತನಾಳದಂತೆಯೇ, ಕಾಣುತ್ತದೆ. ಒಳಗೆ ಕೆಂಪು ರಕ್ತಕಣ ಇದ್ದರೆ ಅದು ಕ್ಯಾಪಿಲರಿ. ಖಾಲಿ ಇದ್ದು, ಗೋಡೆ ಕೊಂಚ ದಪ್ಪ ಅನ್ನಿಸಿ, ನ್ಯೂಕ್ಲಿಯಸ್‌ಗಳು ಒಳಗೆ ಉಬ್ಬಿದ್ದರೆ ಹೆನ್ಲೆ.

ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗುವ ಮೂತ್ರನಾಳದ (ಯುರೇಟರ್) ಸ್ಲೈಡ್ ಸುಲಭ. ಮಧ್ಯೆ ನಕ್ಷತ್ರದಂಥ ರಂಧ್ರ, ಸುತ್ತ ಸ್ನಾಯು. ಕರುಳಿನಲ್ಲಿ ಅಡ್ಡ ಸುತ್ತುವ ಸ್ನಾಯು ಒಳಗೆ, ಉದ್ದದ್ದು ಹೊರಗೆ. ಇಲ್ಲಿ ಉಲ್ಟಾ. ಕೆಳಗಿನ ಮೂರನೇ ಒಂದು ಭಾಗದಲ್ಲಿ ಹೊರಗೆ ಇನ್ನೊಂದು ಉದ್ದನೆಯ ಪದರ ಸೇರುತ್ತದೆ. ಮೂತ್ರಕೋಶದಲ್ಲಾದರೆ ಸ್ನಾಯು ಬುಟ್ಟಿ ಹೆಣೆದ ಹಾಗೆ ಎಲ್ಲ ದಿಕ್ಕಿಗೂ ಓಡುತ್ತದೆ, ಪದರ ಎಣಿಸಲು ಹೋಗಬೇಡಿ.

ಎರಡರ ಒಳಮೈಯೂ ಯೂರೊಥೀಲಿಯಂ, ಅಂದರೆ ಹಲವು ಸಾಲು ಕೋಶಗಳ ಪದರ. ಇದರ ಮೇಲಿನ ಸಾಲನ್ನು 40ರಲ್ಲಿ ನೋಡಿ. ಕೊಡೆ ಬಿಡಿಸಿದಂಥ ದೊಡ್ಡ ಉಬ್ಬು ಕೋಶಗಳು, ಕೆಲವದರಲ್ಲಿ ಎರಡೆರಡು ನ್ಯೂಕ್ಲಿಯಸ್. ಹೆಸರೂ ಅಂಬ್ರೆಲಾ ಸೆಲ್. ಮೂತ್ರ ಕೆಳಗಿನ ಕೋಶಗಳಿಗೆ ತಾಗದಂತೆ ಕಾಯುವುದು ಇವೇ. ಮೂತ್ರಕೋಶ ಖಾಲಿ ಇದ್ದಾಗ ಐದಾರು ಸಾಲು ಎಣಿಸಬಹುದು, ತುಂಬಿ ಹಿಗ್ಗಿದಾಗ ಎರಡು ಮೂರು ಸಾಲಷ್ಟೇ ಕಾಣುತ್ತದೆ, ಕೊಡೆಗಳೂ ಚಪ್ಪಟೆ. ಪರೀಕ್ಷೆಯಲ್ಲಿ ಹಿಗ್ಗಿದ ಮೂತ್ರಕೋಶ ಇಟ್ಟರೆ ಗಾಬರಿ ಬೇಡ, ಕೆಳಗಿನ ಸ್ನಾಯು ನೋಡಿ ಬರೆಯಿರಿ.

ಸ್ಲೈಡ್ ತೆಗೆಯುವ ಮುಂಚೆ ಮತ್ತೆ 4ಕ್ಕೆ ತಿರುಗಿಸಿ. 40ರಲ್ಲಿ ಇರುವಾಗಲೇ ಎಳೆದರೆ ಲೆನ್ಸಿಗೂ ಕವರ್ ಸ್ಲಿಪ್ಪಿಗೂ ಗೀರು ಬೀಳುತ್ತದೆ. ತೆಗೆದ ಮೇಲೆ ಹಾಳೆಯಲ್ಲಿ ಆಗತಾನೆ ನೋಡಿದ ಒಂದು ಗ್ಲಾಮೆರುಲಸ್, ನಾಲ್ಕಾರು ಪಿಸಿಟಿ, ಒಂದು ಡಿಸಿಟಿಯನ್ನು ಪುಸ್ತಕ ನೋಡದೆ ಬರೆಯಿರಿ. ಬರೆಯುವಾಗ ಎಲ್ಲಿ ಕೈ ನಿಲ್ಲುತ್ತದೋ, ಸ್ಲೈಡ್ ಮತ್ತೆ ಹಾಕಿ ಅದನ್ನೇ ನೋಡಿ.