ಹಿಮ್ಮಡಿ ನೋವಿಗೆ ಅಳತೆಗೆ ಮಾಡಿಸಿದ ಇನ್‌ಸೋಲ್

ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲೇ ಹಿಮ್ಮಡಿ ಚುಚ್ಚಿದಂತೆ ನೋಯುತ್ತಿದ್ದರೆ, ಅದು ಹೆಚ್ಚಾಗಿ ಅಂಗಾಲಿನ ದಪ್ಪ ತಂತುಪಟ್ಟಿಯ ತೊಂದರೆ, ಅಂದರೆ ಪ್ಲಾಂಟಾರ್ ಫೇಶಿಯೈಟಿಸ್ ಆಗಿರುತ್ತದೆ. ಪಾದದ ಅಚ್ಚು ತೆಗೆದು ತಯಾರಿಸಿ ಪಾದರಕ್ಷೆಯೊಳಗೆ ಇಡುವ ಒಳಹಾಸಾದ ಇನ್‌ಸೋಲ್ ಪಾದದ ಕಮಾನಿಗೆ ಆಸರೆ ನೀಡಿ, ಹಿಮ್ಮಡಿಯ ಮೇಲೆ ಬೀಳುವ ಭಾರವನ್ನು ಇಡೀ ಅಂಗಾಲಿಗೆ ಹಂಚುತ್ತದೆ. ಮೊದಲ ದಿನ ಒಂದೆರಡು ಗಂಟೆ ಮಾತ್ರ ಧರಿಸಿ, 2-3 ವಾರಗಳಲ್ಲಿ ಅವಧಿಯನ್ನು ನಿಧಾನವಾಗಿ ಹೆಚ್ಚಿಸಬೇಕು.

ನಮ್ಮ ಮಂಗಳೂರಿನಲ್ಲಿ ತೊಡಕಿರುವುದು ಬೇರೆ ಕಡೆ: ಮಳೆಗಾಲವಿಡೀ ರಬ್ಬರ್ ಚಪ್ಪಲಿ, ಮನೆಯೊಳಗೆ ಗ್ರಾನೈಟ್ ನೆಲದ ಮೇಲೆ ಬರಿಗಾಲು, ಶೂವಿನೊಳಗಿನ ದುಬಾರಿ ಇನ್‌ಸೋಲ್ ಆಗ ಮೂಲೆಯಲ್ಲಿರುತ್ತದೆ. ಆದ್ದರಿಂದ ಒಳಹಾಸು ತೆಗೆಯಬಹುದಾದ, ಹಿಂಬದಿ ಪಟ್ಟಿಯುಳ್ಳ ಸ್ಯಾಂಡಲ್ ಕೊಂಡು, ಅಳತೆ ಕೊಡುವಾಗ ಅದನ್ನೂ ಒಯ್ಯುವುದು ಒಳ್ಳೆಯದು. ಮಧುಮೇಹದಿಂದ ಪಾದ ಜೋಮು ಹಿಡಿಯುವವರು ಮಾತ್ರ ವೈದ್ಯರಿಗೆ ತೋರಿಸದೆ ಯಾವ ಇನ್‌ಸೋಲನ್ನೂ ಧರಿಸಬಾರದು.